ಬಟ್ಟೆಯ ಸೈಜ್, ಮೈ ಅಳತೆ ಮತ್ತು ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ನಾನು ನಡೆಸುವ ಹೊಲಿಗೆ ತರಗತಿಗೆ ಬರುವ ಹೆಣ್ಣುಮಕ್ಕಳು, ಬ್ಲೌಸ್ ಹೊಲಿಸಲು ಬರುವ ಗಿರಾಕಿಗಳು, ಕುಮಟಾ, ಹೊನ್ನಾವರ, ಶಿರಸಿ ಕಡೆಯಿಂದ ಪತ್ರವನ್ನೋ ವಾಟ್ಸಾಪ್ ಸಂದೇಶವನ್ನೋ ಕಳಿಸುವ ಪರಿಚಿತರು ಬಟ್ಟೆಯ ಸೈಜ್ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

ವ್ಯಾನಿಟಿ ಸೈಜಿಂಗ್ ಅಂತಾರಲ್ಲ, ಅದು ಏನು?

ಬಟ್ಟೆಯ ಅಳತೆ ಹಾಗೆಯೇ ಇದ್ದು, ಅದರ ಲೇಬಲ್ ಮೇಲೆ ಮಾತ್ರ ಮೊದಲಿಗಿಂತ ಚಿಕ್ಕ ಸೈಜ್ ಬರೆಯುವ ಪದ್ಧತಿಗೆ ಈ ಹೆಸರು. ಇಲ್ಲಿಯವರೆಗೆ ಎಲ್ ಎಂದು ಮಾರುತ್ತಿದ್ದ, ಎದೆ ಸುತ್ತಳತೆ 40 ಇಂಚಿನ ಕುರ್ತಿಯನ್ನು ಕಂಪನಿಯೊಂದು ಇನ್ನು ಮುಂದೆ ಎಂ ಎಂದು ಮಾರತೊಡಗಿದರೆ ಕೊಳ್ಳುವವಳ ಮೈ ಒಂದಿಂಚೂ ಕರಗಿರುವುದಿಲ್ಲ. ಆದರೆ ಟ್ರಯಲ್ ರೂಮಿನ ಕನ್ನಡಿಯ ಮುಂದೆ ‘ನನಗೆ ಎಂ ಆಯಿತು’ ಎಂಬ ಸಮಾಧಾನ ಸಿಗುತ್ತದೆ. ಆ ಸಮಾಧಾನದಲ್ಲಿ ಅವಳು ಬಟ್ಟೆ ಕೊಳ್ಳುತ್ತಾಳೆ, ಮುಂದಿನ ಸಲವೂ ಅದೇ ಬ್ರ್ಯಾಂಡನ್ನು ಹುಡುಕಿಕೊಂಡು ಬರುತ್ತಾಳೆ ಎಂಬುದು ಇದರ ಹಿಂದಿರುವ ವ್ಯಾಪಾರದ ಲೆಕ್ಕ.

ಎಂ ಅಂದರೆ ಇಂತಿಷ್ಟು ಇಂಚು ಅಂತ ಸರ್ಕಾರದ ನಿಯಮ ಇಲ್ಲವಾ?

ಕಂಪನಿಗಳನ್ನು ಕಟ್ಟಿಹಾಕುವಂಥ ನಿಯಮ ಇಲ್ಲ. ನಮ್ಮ ಕುರ್ತಿ ವ್ಯಾಪಾರದಲ್ಲಿ ಎಸ್ ಎಂದರೆ 36, ಎಂ ಎಂದರೆ 38, ಎಲ್ ಎಂದರೆ 40, ಎಕ್ಸೆಲ್ ಎಂದರೆ 42, ಡಬಲ್ ಎಕ್ಸೆಲ್ ಎಂದರೆ 44 ಎಂಬ ಒಂದು ವಾಡಿಕೆ ಬಹಳ ಕಡೆ ಇದೆ. ಆದರೆ ಅದು ವಾಡಿಕೆ ಮಾತ್ರ, ಯಾವ ಕಂಪನಿ ಬೇಕಾದರೂ ಅದನ್ನು ಮೀರಬಹುದು. ತೂಕ ಮತ್ತು ಅಳತೆಗೆ ಸಂಬಂಧಿಸಿದ ಕಾನೂನು ಮಾಪನಶಾಸ್ತ್ರ ನಿಯಮಗಳಿಗೆ 2022ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೆ ಎಸ್, ಎಂ, ಎಲ್ ಎಂಬ ಗುರುತಿನ ಜೊತೆಗೆ ಸೆಂಟಿಮೀಟರಿನಲ್ಲಿ ಅಳತೆಯನ್ನೂ ನಮೂದಿಸಬೇಕು. ಅಂದರೆ ಎಂ ಎಷ್ಟಿರಬೇಕು ಎಂದು ನಿಯಮ ಹೇಳುವುದಿಲ್ಲ, ತಾನು ಎಂ ಎಂದು ಕರೆದದ್ದು ಎಷ್ಟಿದೆ ಎಂದು ಕಂಪನಿ ಹೇಳಬೇಕು ಎನ್ನುತ್ತದೆ. ಕೊಳ್ಳುವವರಿಗೆ ಇದು ಬಹಳ ಉಪಯೋಗದ ಸಂಗತಿ. ಬೆಲೆಯ ಟ್ಯಾಗನ್ನು ತಿರುಗಿಸಿ ಸಣ್ಣ ಅಕ್ಷರದಲ್ಲಿರುವ ಸೆಂ.ಮೀ. ನೋಡಿರಿ, ಅದನ್ನು 2.54ರಿಂದ ಭಾಗಿಸಿದರೆ ಇಂಚು ಸಿಗುತ್ತದೆ.

ಒಂದು ಅಂಗಡಿಯಲ್ಲಿ ಎಲ್ ಸಾಕಾಗ್ತದೆ, ಇನ್ನೊಂದರಲ್ಲಿ ಡಬಲ್ ಎಕ್ಸೆಲ್ ಬೇಕಾಗ್ತದೆ. ನಾನು ದಪ್ಪ ಆದೆನಾ?

ಒಂದೇ ದಿನದಲ್ಲಿ ಎರಡು ಅಂಗಡಿಗಳ ನಡುವೆ ಯಾರ ಮೈಯೂ ಬದಲಾಗುವುದಿಲ್ಲ. ಬದಲಾದದ್ದು ಲೇಬಲ್ ಬರೆದವರ ಲೆಕ್ಕ. ಮೈ ಬದಲಾಗಿದೆಯೇ ಎಂದು ತಿಳಿಯಬೇಕಾದರೆ ಟೇಪ್ ಹಿಡಿದು ನೋಡಬೇಕು.

ನಮ್ಮ ಆಯಿಗೆ ತನ್ನ ಸೈಜ್ ಎಷ್ಟು ಅಂತಲೇ ಗೊತ್ತಿಲ್ಲ. ಆಗಿನ ಕಾಲದಲ್ಲಿ ಇದೆಲ್ಲ ಇರಲಿಲ್ಲವಾ?

ಇರಲಿಲ್ಲ, ಏಕೆಂದರೆ ಬೇಕಾಗಿರಲಿಲ್ಲ. ಸೀರೆಯ ಉದ್ದ ಅಗಲಗಳು ಮಗ್ಗದಲ್ಲೇ ತೀರ್ಮಾನವಾಗುತ್ತವೆ. ಐದೂವರೆ ಮೀಟರಿನ ಅದೇ ಸೀರೆಯನ್ನು ತೆಳ್ಳಗಿನ ಮಗಳೂ ಉಡುತ್ತಾಳೆ, ಮೈ ತುಂಬಿಕೊಂಡ ಅತ್ತೆಯೂ ಉಡುತ್ತಾಳೆ, ನೆರಿಗೆ ಒಂದೆರಡು ಹೆಚ್ಚುಕಡಿಮೆಯಾಗುತ್ತದೆ, ಅಷ್ಟೆ. ರವಿಕೆಗೆ ಟೇಲರ್ ಹತ್ತಿರ ಅಳತೆ ಬ್ಲೌಸ್ ಕೊಟ್ಟು ಬಂದರೆ ಮುಗಿಯಿತು. ಅಂಕಿಗಳು ಟೇಲರ್ ಪುಸ್ತಕದಲ್ಲಿ ಉಳಿಯುತ್ತಿದ್ದವು, ಹೆಂಗಸಿನ ತಲೆಯೊಳಗೆ ಹೋಗಿ ಕೂರುತ್ತಿರಲಿಲ್ಲ. ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಹೆಂಗಸರ ಸಾಂಪ್ರದಾಯಿಕ ಉಡುಗೆಗಂತೂ ರವಿಕೆಯೇ ಇಲ್ಲ. ಸೀರೆಯನ್ನು ಮೈಗೆ ಬಿಗಿದು ಸುತ್ತಿ, ಕೊರಳ ತುಂಬ ಮಣಿಸರ ಹಾಕುತ್ತಾರೆ. ಅಂಕೋಲಾ ತಾಲೂಕಿನ ತುಳಸಿ ಗೌಡ ಅವರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಅದೇ ಉಡುಗೆಯಲ್ಲಿ, ಬರಿಗಾಲಿನಲ್ಲಿ. ಆ ಉಡುಗೆಯಲ್ಲಿ ಸೈಜ್ ಎಂಬ ಪ್ರಶ್ನೆಗೆ ಜಾಗವೇ ಇಲ್ಲ.

ಆದರೂ ಹಿಂದಿನ ಕಾಲದಲ್ಲಿ ಹೆಣ್ಣಿನ ಮೈಯನ್ನು ಯಾರೂ ಅಳೆಯುತ್ತಿರಲಿಲ್ಲ ಎಂದು ಭಾವಿಸಬಾರದು. ಹೆಣ್ಣು ನೋಡಲು ಬಂದವರು ಬಣ್ಣ, ಎತ್ತರ, ದಪ್ಪ, ಸಪೂರಗಳ ಬಗ್ಗೆ ಆಡುತ್ತಿದ್ದ ಮಾತುಗಳನ್ನು ನಮ್ಮ ಅಜ್ಜಿಯರು ಎಂಬತ್ತರ ವಯಸ್ಸಿನಲ್ಲೂ ಮರೆತಿರಲಿಲ್ಲ. ಚೂಡಿದಾರ್, ನೈಟಿ, ಲೆಗ್ಗಿಂಗ್ಸ್, ಜೀನ್ಸ್ ಎಂದು ಸಿದ್ಧ ಉಡುಪು ಬಂದ ಮೇಲೆ ಆದ ಬದಲಾವಣೆ ಏನೆಂದರೆ, ಯಾರೋ ಆಡುತ್ತಿದ್ದ ಮಾತು ಈಗ ಒಂದು ಅಕ್ಷರವಾಗಿ ಕುತ್ತಿಗೆಯ ಹಿಂಭಾಗಕ್ಕೆ ಹೊಲಿದುಕೊಂಡೇ ಬರುತ್ತದೆ.

## ಸೈಜ್ ಹುಟ್ಟಿದ ಬಗೆ

ಈ ಸೈಜ್ ನಂಬರುಗಳನ್ನು ಮೊದಲು ಮಾಡಿದವರು ಯಾರು?

ಹೆಂಗಸರ ಸಿದ್ಧ ಉಡುಪಿಗೆ ದೊಡ್ಡ ಪ್ರಮಾಣದಲ್ಲಿ ಮೈ ಅಳತೆ ತೆಗೆದ ಮೊದಲ ಪ್ರಯತ್ನ ನಡೆದದ್ದು ಅಮೆರಿಕದಲ್ಲಿ, 1939–40ರಲ್ಲಿ. ಅಲ್ಲಿಯ ಕೃಷಿ ಇಲಾಖೆಯ ಗೃಹವಿಜ್ಞಾನ ವಿಭಾಗ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಅವರ ನೇತೃತ್ವದಲ್ಲಿ ಸುಮಾರು 15,000 ಹೆಂಗಸರ ಮೈಯನ್ನು ತಲಾ 59 ಕಡೆ ಅಳೆದು, 1941ರಲ್ಲಿ ವರದಿ ಪ್ರಕಟಿಸಿತು. ಬಟ್ಟೆ ಸರಿಹೋಗದೆ ವಾಪಸ್ ಬರುವುದರಿಂದ ಅಂಗಡಿಗಳಿಗೂ ಟಪಾಲಿನ ಮೂಲಕ ಮಾರುವವರಿಗೂ ಆಗುತ್ತಿದ್ದ ನಷ್ಟ ಇದರ ಹಿಂದಿನ ಕಾರಣಗಳಲ್ಲಿ ಒಂದು. ಈ ಲೆಕ್ಕದಲ್ಲಿ ಬಿಳಿಯ ಹೆಂಗಸರ ಅಳತೆಗಳನ್ನಷ್ಟೇ ಇಟ್ಟುಕೊಂಡರು, ಉಳಿದವರ ಅಳತೆಗಳನ್ನು ಕೈಬಿಟ್ಟರು. ಅಳತೆಗೆ ನಿಂತವರಿಗೆ ಒಂದಿಷ್ಟು ಹಣ ಕೊಡುತ್ತಿದ್ದುದರಿಂದ ಬಡವರೇ ಹೆಚ್ಚಾಗಿ ಬಂದರು. ಹೆಂಗಸರ ‘ಸಾಮಾನ್ಯ’ ಮೈ ಎಂದು ಜಗತ್ತಿಗೆ ಹಂಚಿಹೋದ ಕಲ್ಪನೆಯ ಬುಡ ಇಷ್ಟು ಕಿರಿದಾಗಿತ್ತು ಎಂಬುದನ್ನು ನನ್ನ ತರಗತಿಯಲ್ಲಿ ನಾನು ತಪ್ಪದೆ ಹೇಳುತ್ತೇನೆ.

ಈ ಅಳತೆಗಳನ್ನು ಆಧರಿಸಿದ ಮಾನದಂಡ 1958ರಲ್ಲಿ ಬಂದಿತು, 1970ರಲ್ಲಿ ಪರಿಷ್ಕರಣೆಯಾಯಿತು, ಕಂಪನಿಗಳು ಅನುಸರಿಸದ ಕಾರಣ 1983ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಮುಂದೆ ಸೈಜ್ ಚಾರ್ಟ್ ಕಂಪನಿಗಳ ಇಷ್ಟಕ್ಕೆ ಬಿಟ್ಟ ವಿಷಯವಾಯಿತು. 1958ರ ಪಟ್ಟಿಯಲ್ಲಿ 8 ನಂಬರಿನ ಉಡುಪಿಗೆ ಎದೆ ಸುತ್ತಳತೆ 31 ಇಂಚು. ಇಂದು ಅಮೆರಿಕದಲ್ಲಿ 8 ಎಂದು ಮಾರುವ ಉಡುಪು ಹೆಚ್ಚುಕಡಿಮೆ ಅಂದಿನ 16ಕ್ಕೆ ಸಮ. ಅಂದಿನ 8ನ್ನು ಉಡುತ್ತಿದ್ದವಳಿಗೆ ಇಂದಿನ ಸೊನ್ನೆ ನಂಬರೂ ಸಡಿಲವಾಗುತ್ತದೆ. ನಂಬರನ್ನು ಕೆಳಗಿಳಿಸುತ್ತ ಹೋದವರಿಗೆ ಕೊನೆಗೆ ಸೊನ್ನೆಯ ಕೆಳಗೆ ಇನ್ನೊಂದು ಸೊನ್ನೆ, ಅಂದರೆ ‘00’ ಎಂಬ ಸೈಜನ್ನು ಸೃಷ್ಟಿಸಬೇಕಾಯಿತು.

ಹಾಗಾದರೆ ಕಂಪನಿಯವರು ಬೇಕಂತಲೇ ಸುಳ್ಳು ಬರೀತಾರಾ?

ಕೆಲವು ಸಲ ಹೌದು. ಆದರೆ ಸೈಜ್ ವ್ಯತ್ಯಾಸವೆಲ್ಲವನ್ನೂ ಈ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಕಂಪನಿ ಮೊದಲು ಒಂದು ಮಧ್ಯದ ಸೈಜಿನಲ್ಲಿ ಮಾದರಿ ಉಡುಪು ಮಾಡಿ, ಒಬ್ಬ ಮಾಡೆಲ್ ಮೈಮೇಲೆ ಫಿಟಿಂಗ್ ನೋಡುತ್ತದೆ. ಉಳಿದ ಸೈಜ್‌ಗಳನ್ನು ಆ ಮಾದರಿಯಿಂದ ಇಷ್ಟಿಷ್ಟು ಇಂಚು ಏರಿಸಿ ಇಳಿಸಿ ಮಾಡುತ್ತದೆ. ಕಾಲೇಜು ಹುಡುಗಿಯರಿಗೆ ಮಾರುವ ಕಂಪನಿ ಆರಿಸುವ ಮಾಡೆಲ್ ಬೇರೆ, ನಲವತ್ತು ದಾಟಿದವರಿಗೆ ಮಾರುವ ಕಂಪನಿ ಆರಿಸುವ ಮಾಡೆಲ್ ಬೇರೆ. ಇಬ್ಬರ ಎಂ ಒಂದೇ ಆಗಲು ಸಾಧ್ಯವಿಲ್ಲ. ಜನರ ಸರಾಸರಿ ಮೈ ದಪ್ಪವಾದಂತೆ, ಅತಿ ಹೆಚ್ಚು ಮಾರಾಟವಾಗುವ ಅಳತೆಯನ್ನೇ ಮಧ್ಯದ ಸೈಜ್ ಎಂದು ಕರೆಯುವುದೂ ಇದೆ.

ಇದರ ಮೇಲೆ ಕಾರ್ಖಾನೆಯ ಕಾರಣಗಳಿವೆ. ಬಟ್ಟೆಯನ್ನು ಹತ್ತಾರು ಪದರಗಳಲ್ಲಿ ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುವಾಗ ಮೇಲಿನ ಪದರಕ್ಕೂ ಅಡಿಯ ಪದರಕ್ಕೂ ಸ್ವಲ್ಪ ಜಾರುತ್ತದೆ. ಹೊಲಿಯುವಾಗ ಇನ್ನೊಂದು ನೂಲಿನಷ್ಟು ಆಚೀಚೆಯಾಗುತ್ತದೆ. ಅರ್ಧ ಇಂಚಿನ ವ್ಯತ್ಯಾಸವನ್ನು ಕಾರ್ಖಾನೆಗಳು ಸಾಮಾನ್ಯವಾಗಿ ತಪ್ಪೆಂದು ಎಣಿಸುವುದಿಲ್ಲ. ನೀರಿಗೆ ಹಾಕಿದ ಮೇಲೆ ರೇಯಾನ್ ಮತ್ತು ಹತ್ತಿ ಕುಗ್ಗುತ್ತವೆ. ನಮ್ಮ ಕರಾವಳಿಯಲ್ಲಿ ಆಷಾಢದ ಮಳೆಗೆ ದಪ್ಪ ಹತ್ತಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲವೆಂದು ತೆಳುವಾದ ರೇಯಾನ್ ಕುರ್ತಿ ಕೊಳ್ಳುವವರು ಬಹಳ. ಎರಡನೆಯ ಒಗೆತಕ್ಕೆ ಅದು ತೋಳಿನಲ್ಲಿ ಹಿಡಿಯತೊಡಗಿದಾಗ ತಮ್ಮ ತೋಳೇ ದಪ್ಪವಾಯಿತೆಂದು ಅವರು ತಿಳಿಯುತ್ತಾರೆ.

ನಮ್ಮ ದೇಶದ ಹೆಂಗಸರ ಅಳತೆ ಯಾರಾದರೂ ತೆಗೆದಿದ್ದಾರಾ?

ತೆಗೆಯುವ ಕೆಲಸ ತಡವಾಗಿ ಶುರುವಾಯಿತು. ಬಹಳ ಕಾಲ ನಮ್ಮ ಕಂಪನಿಗಳು ಬ್ರಿಟನ್ ಅಥವಾ ಅಮೆರಿಕದ ಚಾರ್ಟನ್ನೇ ತಿದ್ದಿ ಬಳಸುತ್ತಿದ್ದವು. ಕೇಂದ್ರ ಜವಳಿ ಸಚಿವಾಲಯ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಸೇರಿ ಕೈಗೊಂಡ ‘ಇಂಡಿಯಾಸೈಜ್’ ಯೋಜನೆ 15ರಿಂದ 65 ವರ್ಷದೊಳಗಿನ 25,000 ಗಂಡಸರು ಮತ್ತು ಹೆಂಗಸರ ಮೈಯನ್ನು ತ್ರೀಡಿ ಸ್ಕ್ಯಾನರಿನಿಂದ ಅಳೆಯುವ ಗುರಿ ಇಟ್ಟುಕೊಂಡಿತು. ಇದರ ಅಗತ್ಯ ಯಾವ ಟೇಲರ್‌ಗೂ ಗೊತ್ತು. ಹೊರದೇಶದ ಚಾರ್ಟಿನಂತೆ ಹೊಲಿದ ಪ್ಯಾಂಟ್ ನಮ್ಮ ಬಹುಪಾಲು ಹೆಂಗಸರಿಗೆ ಸೊಂಟದಲ್ಲಿ ಸರಿಹೋದರೆ ಉದ್ದದಲ್ಲಿ ಮೂರು ಬೆರಳು ಹೆಚ್ಚು, ಭುಜಕ್ಕೆ ಸರಿಹೋದ ಅಂಗಿ ಎದೆಯಲ್ಲಿ ಬಿಗಿ. ಈ ತಾಪತ್ರಯ ಚಾರ್ಟಿನದ್ದು. ಆದರೆ ಅನುಭವಿಸುವವಳು ತನ್ನ ಕಾಲು ಗಿಡ್ಡ, ತನ್ನ ಎದೆ ದೊಡ್ಡದು ಎಂದುಕೊಂಡು ಹೊರಬರುತ್ತಾಳೆ.

ಗಂಡಸರ ಬಟ್ಟೆಯಲ್ಲಿ ಈ ಮೋಸ ಇಲ್ಲ ಅಲ್ಲವಾ? ಅವರದ್ದು ನೇರವಾಗಿ ಇಂಚಿನಲ್ಲೇ ಇರ್ತದೆ.

ಅಲ್ಲಿಯೂ ಇದೆ. ಅಮೆರಿಕದ ‘ಎಸ್ಕ್ವೈರ್’ ಪತ್ರಿಕೆ 2010ರಲ್ಲಿ 36 ಇಂಚು ಸೊಂಟ ಎಂದು ಬರೆದ ಗಂಡಸರ ಪ್ಯಾಂಟುಗಳನ್ನು ಅಳೆಸಿದಾಗ, ಅವುಗಳಲ್ಲಿ ಒಂದು 41 ಇಂಚಿನವರೆಗೆ ಇತ್ತು. ಆದರೂ ಹೆಂಗಸರ ಬಟ್ಟೆಯಲ್ಲಿ ತೊಂದರೆ ಹೆಚ್ಚು, ಏಕೆಂದರೆ ಎಂ ಅಥವಾ 8 ಎಂಬುದನ್ನು ಟೇಪ್ ಹಿಡಿದು ಸುಳ್ಳೆಂದು ತೋರಿಸಲು ಬರುವುದಿಲ್ಲ.

## ಮನಸ್ಸಿನ ಮೇಲೆ

ಬರೀ ಒಂದು ಅಕ್ಷರ. ಅದನ್ನು ನೋಡಿ ಇಷ್ಟು ಬೇಜಾರು ಯಾಕಾಗ್ತದೆ?

ತನ್ನ ಮೈ ಹೀಗಿದೆ ಎಂದು ಒಬ್ಬರು ಮನಸ್ಸಿನಲ್ಲಿ ಇಟ್ಟುಕೊಂಡ ಚಿತ್ರ, ಆ ಚಿತ್ರದ ಬಗ್ಗೆ ಅವರಿಗಿರುವ ಭಾವನೆ, ಇವೆರಡನ್ನೂ ಸೇರಿಸಿ ಮನಃಶಾಸ್ತ್ರದಲ್ಲಿ ಬಾಡಿ ಇಮೇಜ್ ಎನ್ನುತ್ತಾರೆ. ಈ ಚಿತ್ರ ಕನ್ನಡಿಯಿಂದ ಮಾತ್ರ ಮೂಡುವುದಿಲ್ಲ. ತಾನು ಹೇಗಿದ್ದೇನೆ ಎಂದು ತಿಳಿಯಲು ಖಚಿತವಾದ ಅಳತೆಗೋಲು ಇಲ್ಲದಿದ್ದಾಗ ಮನುಷ್ಯ ತನ್ನನ್ನು ಬೇರೆಯವರ ಜೊತೆ ಹೋಲಿಸಿಕೊಳ್ಳುತ್ತಾನೆ ಎಂದು ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದರು. ಎಸ್, ಎಂ, ಎಲ್ ಎಂಬ ಏಣಿ ಆ ಹೋಲಿಕೆಯನ್ನು ಸಿದ್ಧಪಡಿಸಿ ಕೈಗೆ ಕೊಡುತ್ತದೆ. ‘ಮಧ್ಯಮ’ ಎಂದರೆ ಎಲ್ಲರಂತಿರುವುದು, ಅದನ್ನು ದಾಟಿದರೆ ಹೆಚ್ಚುವರಿ, ಇನ್ನೂ ದಾಟಿದರೆ ಹೆಚ್ಚುವರಿಯ ಹೆಚ್ಚುವರಿ. ತನ್ನ ಎದೆ ಸುತ್ತಳತೆ 42 ಇಂಚು ಎಂದು ಕೇಳಿದಾಗ ಏನೂ ಅನ್ನಿಸದವಳಿಗೆ ಅದನ್ನೇ ಎಕ್ಸೆಲ್ ಎಂದಾಗ ಮುಖ ಬಾಡುವುದನ್ನು ನಾನು ಅಳತೆಯ ಮೇಜಿನ ಎದುರು ನೋಡುತ್ತಲೇ ಇರುತ್ತೇನೆ.

ಇದನ್ನು ಪರೀಕ್ಷಿಸಿದವರೂ ಇದ್ದಾರೆ. ಜೋಆಂಡ್ರಿಯಾ ಹೋಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಣಿಸಿದ್ದಕ್ಕಿಂತ ದೊಡ್ಡ ಸೈಜ್ ಬೇಕಾದಾಗ ಹೆಂಗಸರಿಗೆ ಆ ಬಟ್ಟೆಯ ಮೇಲೇ ಮನಸ್ಸು ಇಳಿಯಿತು. ರೂಪದ ಬಗ್ಗೆ ಅವರಿಗಿದ್ದ ಆತ್ಮವಿಶ್ವಾಸಕ್ಕೆ ಬಿದ್ದ ಪೆಟ್ಟು ಅದಕ್ಕೆ ಕಾರಣವೆಂದು ಕಂಡಿತು. ಅಷ್ಟೇ ಗಮನಿಸಬೇಕಾದ ಇನ್ನೊಂದು ಸಂಗತಿಯೂ ಅದರಲ್ಲಿದೆ. ಹಾಗೆ ನೊಂದವರು ಬರಿಗೈಯಲ್ಲಿ ಹಿಂದಿರುಗಬೇಕೆಂದಿಲ್ಲ. ಆ ನೋವನ್ನು ಸರಿದೂಗಿಸಿಕೊಳ್ಳಲು ಸೈಜಿನ ಗೊಡವೆಯಿಲ್ಲದ ಬೇರೆ ವಸ್ತುಗಳನ್ನು ಹೆಚ್ಚು ಕೊಳ್ಳುವುದೂ ಕಂಡುಬಂದಿತು.

ಚಿಕ್ಕ ಸೈಜ್ ಆಯ್ತು ಅಂದರೆ ಖುಷಿ ಆಗ್ತದೆ. ಸುಳ್ಳೇ ಇರಲಿ, ಅದರಿಂದ ಯಾರಿಗೆ ನಷ್ಟ?

ಖುಷಿ ನಿಜವಾದದ್ದೇ. ನಿಲುಫರ್ ಆಯ್ದಿನೋಲು ಮತ್ತು ಅರಾಧನಾ ಕೃಷ್ಣ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನ, ಚಿಕ್ಕ ಸೈಜಿನ ಲೇಬಲ್ ನೋಡಿದವರು ತಮ್ಮನ್ನು ತೆಳ್ಳಗೆ ಕಲ್ಪಿಸಿಕೊಂಡು ಹಿತ ಅನುಭವಿಸುತ್ತಾರೆ ಎಂದು ತೋರಿಸಿದೆ. ನಷ್ಟ ಬರುವುದು ಮುಂದಿನ ಅಂಗಡಿಯಲ್ಲಿ. ಎಂ ಆದದ್ದಕ್ಕೆ ಹಿಗ್ಗಿದವಳು, ಅಳತೆ ಸರಿಯಾಗಿ ಬರೆದ ಬ್ರ್ಯಾಂಡಿನಲ್ಲಿ ಎಕ್ಸೆಲ್ ಬೇಕಾದಾಗ ಅಷ್ಟೇ ಕುಗ್ಗುತ್ತಾಳೆ. ಚಿಕ್ಕದಾದರೆ ಒಳ್ಳೆಯದು, ದೊಡ್ಡದಾದರೆ ಕೆಟ್ಟದ್ದು ಎಂಬ ಒಂದೇ ನಂಬಿಕೆ ಹಿಗ್ಗಿಗೂ ಕುಗ್ಗಿಗೂ ಕಾರಣ. ಹೊಗಳುವ ಲೇಬಲ್ ಆ ನಂಬಿಕೆಯನ್ನು ಪ್ರತಿ ಸಲವೂ ಗಟ್ಟಿ ಮಾಡುತ್ತದೆ. ಇನ್ನು ಸರಿಯಾಗಿ ಬರೆಯುವ ಕಂಪನಿ ಗಿರಾಕಿಯನ್ನು ಕಳೆದುಕೊಳ್ಳುವುದರಿಂದ ಅದೂ ನಾಳೆ ಸುಳ್ಳಿಗೆ ಇಳಿಯುತ್ತದೆ. ನಿಜವಾಗಿಯೂ ಸಪೂರ ಮೈಯವರಿಗೆ ಈ ಇಳಿಕೆಯಲ್ಲಿ ಬಟ್ಟೆಯೇ ಸಿಗದಂತಾಗಿ, ಮಕ್ಕಳ ವಿಭಾಗದಲ್ಲಿ ಹುಡುಕುವ ಮುಜುಗರ ಬರುತ್ತದೆ. ಅವರ ಕಷ್ಟವನ್ನು ಯಾರೂ ಕೇಳುವುದಿಲ್ಲ.

ಅಕ್ಕಾ, ಹತ್ತನೇ ತರಗತಿಯ ಮಗಳು ಮಡಗಾಂವದ ಮಾಲ್‌ನಲ್ಲಿ ಟ್ರಯಲ್ ರೂಮಿನಿಂದ ಅಳುತ್ತಾ ಬಂದಳು. ಈಗ ರಾತ್ರಿ ಊಟ ಬಿಟ್ಟಿದ್ದಾಳೆ. ಏನು ಹೇಳಲಿ?

ಮೊದಲು ‘ನೀನೇನು ದಪ್ಪ ಇಲ್ಲ’ ಎಂದು ಸಮಾಧಾನ ಮಾಡುವುದನ್ನು ಬಿಡಿರಿ. ಆ ಮಾತಿನೊಳಗೆ ದಪ್ಪವಾಗಿದ್ದರೆ ಅಳಬೇಕಿತ್ತು ಎಂಬ ಅರ್ಥ ಅಡಗಿರುತ್ತದೆ, ಮಕ್ಕಳು ಅದನ್ನು ಹಿಡಿದುಕೊಳ್ಳುತ್ತಾರೆ. ಅದರ ಬದಲು ಮನೆಯಲ್ಲಿರುವ ಎಂ ಎಂದು ಬರೆದ ಅವಳ ಮತ್ತು ನಿಮ್ಮ ಟಾಪ್‌ಗಳನ್ನು ನೆಲದ ಮೇಲೆ ಹಾಸಿ, ಒಂದು ಬಗಲಿನಿಂದ ಇನ್ನೊಂದು ಬಗಲಿನವರೆಗೆ ಅವಳ ಕೈಯಿಂದಲೇ ಟೇಪ್ ಹಿಡಿಸಿರಿ. ಒಂದು ಹದಿನೆಂಟೂವರೆ, ಇನ್ನೊಂದು ಇಪ್ಪತ್ತು, ಮತ್ತೊಂದು ಹತ್ತೊಂಬತ್ತು ಎಂದು ಬಂದಾಗ, ಅವುಗಳ ಇಮ್ಮಡಿಯೇ ಸುತ್ತಳತೆ ಎಂದು ಲೆಕ್ಕ ಹಾಕಿದಾಗ, ಒಂದೇ ಅಕ್ಷರದ ಕೆಳಗೆ ಮೂರು ಇಂಚಿನ ಅಂತರವಿರುವುದು ಅವಳ ಕಣ್ಣಿಗೇ ಕಾಣುತ್ತದೆ. ನನ್ನ ತರಗತಿಗೆ ಬರುವ ಹುಡುಗಿಯರಿಗೆ ನಾನು ಮೊದಲ ವಾರದಲ್ಲೇ ಇದನ್ನು ಮಾಡಿಸುತ್ತೇನೆ. ಹೇಳಿದ ಮಾತಿಗಿಂತ ತಾನೇ ಅಳೆದದ್ದನ್ನು ಅವರು ಬೇಗ ನಂಬುತ್ತಾರೆ.

ಋತುಮತಿಯಾಗುವ ಆಚೀಚೆಯ ವರ್ಷಗಳಲ್ಲಿ ಸೊಂಟ, ತೊಡೆ, ಎದೆ ತುಂಬಿಕೊಳ್ಳುವುದು ಬೆಳವಣಿಗೆಯ ಸಹಜ ಭಾಗವೆಂದು ಅವಳಿಗೆ ಬಿಡಿಸಿ ಹೇಳಿರಿ. ಊಟ ಬಿಡುವುದು ಮುಂದುವರಿದರೆ, ಊಟದ ನಂತರ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು, ಮುಟ್ಟು ನಿಲ್ಲುವುದು, ಮಾತು ಕಡಿಮೆಯಾಗುವುದು ಕಂಡುಬಂದರೆ ಕಾಯದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ. ಊಟದ ವಿಷಯದಲ್ಲಿ ಬೈಯುವುದು, ತಂಗಿಯ ಜೊತೆ ಹೋಲಿಸುವುದು ಬೇಡ.

ಮದುವೆ ಮನೆಗೆ ಹೋದರೆ ಎಲ್ಲರೂ ‘ಏನೇ, ದಪ್ಪ ಆಗೋಯ್ದೆ’ ಅಂತಾರೆ. ಹೇಗೆ ಉತ್ತರ ಕೊಡೋದು?

ನಮ್ಮ ಕಡೆ ಇದು ಕುಶಲ ಕೇಳುವ ರೀತಿಯೇ ಆಗಿಹೋಗಿದೆ. ಕೇಳುವ ದೊಡ್ಡಮ್ಮನಿಗೆ ಕೆಟ್ಟ ಉದ್ದೇಶವಿರುವುದಿಲ್ಲ, ಕೇಳಿಸಿಕೊಂಡವಳಿಗೆ ಮಾತ್ರ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ‘ಆರಾಮ ಇದ್ದೇನೆ ದೊಡ್ಡಮ್ಮ, ನಿಮ್ಮ ಮಂಡಿ ನೋವು ಹೇಗಿದೆ?’ ಎಂದು ಮಾತನ್ನು ತಿರುಗಿಸಿದರೆ ಸಾಕು. ಹೆರಿಗೆಯಾದ ಮೊದಲ ವರ್ಷದಲ್ಲಿರುವವರ ಬಗ್ಗೆ ಯಾರಾದರೂ ಹಾಗೆ ಅಂದರೆ, ಪಕ್ಕದಲ್ಲಿರುವ ನಾವು ಬಾಯಿ ಬಿಟ್ಟು ತಡೆಯಬೇಕು. ಆ ಕೆಲಸವನ್ನು ಬಾಣಂತಿಗೆ ಬಿಡಬಾರದು.

ಸೈಜ್ ದೊಡ್ಡದಾದರೂ ಪರವಾಗಿಲ್ಲ ಅಂದರೆ ಆರೋಗ್ಯದ ಗತಿ ಏನು?

ಇದು ನ್ಯಾಯವಾದ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 24ರಷ್ಟು ಜನರ ತೂಕ ಹೆಚ್ಚಿದೆ. ಭಾರತೀಯರಲ್ಲಿ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಗೆ ದಾರಿ ಮಾಡುತ್ತದೆ ಎಂಬ ಕಾರಣಕ್ಕೆ, ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಸೊಂಟ ಸುತ್ತಳತೆಯನ್ನು ಎಚ್ಚರಿಕೆಯ ಗಡಿಯೆಂದು ವೈದ್ಯರು ಇಟ್ಟುಕೊಂಡಿದ್ದಾರೆ. ಈ ಅಳತೆಯನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟ ಮೇಲೆ ತೆಗೆಯಬೇಕು. ಟೇಲರ್ ಹಿಡಿಯುವ ಸೊಂಟದ ಜಾಗ ಇದಕ್ಕಿಂತ ಬೇರೆಯಿರಬಹುದು.

ಬಟ್ಟೆಯ ಸೈಜಿಗೆ ಇಲ್ಲಿ ಯಾವ ಪಾತ್ರವೂ ಇಲ್ಲ. ಅಗಲ ಭುಜದ, ಎತ್ತರದ, ದಿನವಿಡೀ ಮೀನು ಬುಟ್ಟಿ ಹೊತ್ತು ಗಟ್ಟಿಯಾದ ಹೆಂಗಸಿಗೆ ಎಕ್ಸೆಲ್ ಬೇಕಾಗಬಹುದು, ಅವಳ ರಕ್ತದೊತ್ತಡ ಸಕ್ಕರೆ ಎರಡೂ ಸರಿಯಿರಬಹುದು. ಎಸ್ ಹಾಕುವವಳಿಗೆ ರಕ್ತಹೀನತೆ ಇರಬಹುದು. ವ್ಯಾನಿಟಿ ಸೈಜಿಂಗ್‌ನಿಂದ ಆರೋಗ್ಯಕ್ಕೆ ಆಗುವ ಹಾನಿಯೂ ಇದೇ ಕಡೆಯಿಂದ ಬರುತ್ತದೆ: ಹತ್ತು ವರ್ಷದಿಂದ ನನಗೆ ಎಲ್ ಸೈಜೇ ಆಗುತ್ತಿದೆ, ನಾನು ಹಾಗೇ ಇದ್ದೇನೆ ಎಂದು ನಂಬಿದವಳ ಸೊಂಟ ಅಷ್ಟರಲ್ಲಿ ಮೂರು ಇಂಚು ಬೆಳೆದಿರಬಹುದು, ಎಲ್ ಕೂಡ ಅವಳ ಜೊತೆಗೇ ಬೆಳೆದಿರಬಹುದು. ಮೈಯನ್ನು ಪ್ರೀತಿಸುವವರು ಅದರ ನಿಜವಾದ ಅಳತೆಯನ್ನು ತಿಳಿದಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

## ಕೊಳ್ಳುವವರಿಗೆ, ಹೊಲಿಯುವವರಿಗೆ, ಮಾರುವವರಿಗೆ

ಮನೆಯಲ್ಲೇ ಮೈ ಅಳತೆ ತಗೊಳ್ಳೋದು ಹೇಗೆ?

ಹೊಲಿಗೆಯವರು ಬಳಸುವ ಮೆತ್ತನೆಯ ಟೇಪ್ ಬೇಕು. ಹಳೆಯ ಟೇಪ್ ಎಳೆದೆಳೆದು ಉದ್ದವಾಗಿರುತ್ತದೆ, ಶಾಲೆಯ ಸ್ಕೇಲ್ ಪಕ್ಕದಲ್ಲಿಟ್ಟು ಒಮ್ಮೆ ನೋಡಿಕೊಳ್ಳಿರಿ. ದಿನವೂ ತೊಡುವ ಒಳ ಉಡುಪು ಹಾಕಿಕೊಂಡು ಅಳೆಯಬೇಕು. ಎದೆಯನ್ನು ಅತಿ ತುಂಬಿದ ಭಾಗದಲ್ಲಿ, ಸೊಂಟವನ್ನು ಬಾಗಿದರೆ ಮಡಿಕೆ ಬೀಳುವ ಜಾಗದಲ್ಲಿ, ಹಿಪ್ ಅಳತೆಯನ್ನು ಸೊಂಟದಿಂದ ಸುಮಾರು ಏಳೆಂಟು ಇಂಚು ಕೆಳಗೆ ಅತಿ ಅಗಲದ ಕಡೆ ತೆಗೆಯಬೇಕು. ಟೇಪ್ ಬೆನ್ನ ಹಿಂದೆ ಜಾರದಂತೆ ಇನ್ನೊಬ್ಬರು ಹಿಡಿದರೆ ಒಳ್ಳೆಯದು. ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿರಿ, ಎಳೆದುಕೊಂಡು ಬಟ್ಟೆ ತೊಟ್ಟು ತಿರುಗಾಡಲು ಆಗುವುದಿಲ್ಲ. ಬಂದ ಅಂಕಿಗಳನ್ನು ತಾರೀಖಿನ ಜೊತೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿರಿ.

ಆನ್‌ಲೈನ್‌ನಲ್ಲಿ ಸೈಜ್ ಚಾರ್ಟ್ ನೋಡಿಯೇ ತರಿಸಿದೆ. ಆದರೂ ಬಿಗಿಯಾಯ್ತು. ಯಾಕೆ?

ಚಾರ್ಟಿನಲ್ಲಿ ಕೊಟ್ಟ ಅಂಕಿ ನಿಮ್ಮ ಮೈಯದ್ದೋ ಬಟ್ಟೆಯದ್ದೋ ಎಂದು ನೋಡಬೇಕು. ಬಟ್ಟೆಯದ್ದಾದರೆ ಅದು ನಿಮ್ಮ ಮೈ ಅಳತೆಗಿಂತ ದೊಡ್ಡದಿರಬೇಕು: ಹಿಗ್ಗದ ಬಟ್ಟೆಯ ಕುರ್ತಿಗೆ ಎದೆಯಲ್ಲಿ ಎರಡರಿಂದ ನಾಲ್ಕು ಇಂಚು ಸಡಿಲ ಬೇಕು, ಹಿಗ್ಗುವ ಹೆಣೆದ ಬಟ್ಟೆಗೆ ಅಷ್ಟು ಬೇಡ. ಮೈ 38 ಇಂಚಿದ್ದು 38 ಇಂಚಿನ ಕುರ್ತಿ ತರಿಸಿದರೆ ಕೈ ಎತ್ತಲು ಬರುವುದಿಲ್ಲ. ಜೋಯಿಡಾ, ಯಲ್ಲಾಪುರದ ಒಳ ಊರುಗಳಲ್ಲಿ ಇರುವವರು ವಾಪಸ್ ಒಯ್ಯಲು ಹುಡುಗ ಮನೆತನಕ ಬರುತ್ತಾನೆಯೇ ಎಂದು ಮೊದಲೇ ವಿಚಾರಿಸಿ, ಅನುಮಾನವಿದ್ದಾಗ ಒಂದು ಸೈಜ್ ದೊಡ್ಡದನ್ನೇ ತರಿಸುವುದು ಲೇಸು. ದೊಡ್ಡದನ್ನು ಹಿಡಿಸಬಹುದು, ರೆಡಿಮೇಡಿನಲ್ಲಿ ಬಿಚ್ಚಲು ಒಳಗೆ ಬಟ್ಟೆಯೇ ಇರುವುದಿಲ್ಲ.

ಮದುವೆ ಹೊತ್ತಿಗೆ ಸಣ್ಣ ಆಗ್ತೇನೆ. ಬ್ಲೌಸ್ ಈಗಲೇ ಒಂದು ಇಂಚು ಟೈಟ್ ಹೊಲಿಸಲಾ?

ಬೇಡ. ಈಗಿನ ಅಳತೆಗೆ ಹೊಲಿಸಿ, ಎರಡೂ ಪಕ್ಕಕ್ಕೆ ಒಂದೊಂದು ಇಂಚು ಮಾರ್ಜಿನ್ ಬಿಡಲು ಹೇಳಿರಿ. ಮೈ ಇಳಿದರೆ ಹಿಡಿಸಲು ಅರ್ಧ ಗಂಟೆ ಸಾಕು. ಬಿಗಿ ಬ್ಲೌಸನ್ನು ಕಪಾಟಿನಲ್ಲಿ ನೇತುಹಾಕಿ ಅದಕ್ಕೆ ತಕ್ಕಂತೆ ಉಪವಾಸ ಮಾಡಿದ ಹುಡುಗಿಯರು ಧಾರೆಯ ದಿನ ಹೋಮದ ಹೊಗೆಯಲ್ಲಿ ತಲೆ ಸುತ್ತಿ ಕುಳಿತದ್ದನ್ನು ನೋಡಿದ್ದೇನೆ.

ನಾನು ಟೇಲರ್. ಅಳತೆ ಹೇಳಿದ ಕೂಡಲೇ ಗಿರಾಕಿಗಳ ಮುಖ ಸಣ್ಣ ಆಗ್ತದೆ. ಹೇಗೆ ನಡ್ಕೊಳ್ಬೇಕು?

ಅಂಕಿಯನ್ನು ಅಂಗಡಿಯಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬಾರದು. ಬರೆದುಕೊಳ್ಳುವವರು ಬೇರೆಯಿದ್ದರೆ ಪುಸ್ತಕವನ್ನು ಹತ್ತಿರ ತರಿಸಿಕೊಳ್ಳಿರಿ. ಹಳೆಯ ಪುಟ ತಿರುವಿ ‘ಹೋದ ವರ್ಷ 36 ಇತ್ತಲ್ಲ’ ಎನ್ನುವ ಅಗತ್ಯವಿಲ್ಲ. ಗಿರಾಕಿ ಅಳತೆ ಬ್ಲೌಸ್ ತಂದಿದ್ದರೂ ಮೈ ಅಳತೆ ಒಮ್ಮೆ ತೆಗೆಯಿರಿ, ಏಕೆಂದರೆ ಬೇಜಾರಿನಿಂದ ಎಷ್ಟೋ ಜನ ಹಿಂದಿನ, ಈಗ ಬಿಗಿಯಾದ ಬ್ಲೌಸನ್ನೇ ಅಳತೆಗೆ ಕೊಡುತ್ತಾರೆ. ‘ಕೈ ದಪ್ಪ ಇದೆ, ಚೆನ್ನಾಗಿ ಕಾಣುವುದಿಲ್ಲ’ ಎಂಬ ಸಲಹೆಯ ಬದಲು ‘ತೋಳಿಗೆ ಹದಿಮೂರು ಇಟ್ಟರೆ ಆರಾಮ ಆಗ್ತದೆ’ ಎಂದರೆ ಹೇಳಬೇಕಾದದ್ದೆಲ್ಲ ಹೇಳಿದಂತಾಗುತ್ತದೆ.

ಶಿರಸಿಯಲ್ಲಿ ನಮ್ಮದು ಸಣ್ಣ ರೆಡಿಮೇಡ್ ಅಂಗಡಿ. ಕಂಪನಿಯ ಲೇಬಲ್ ನಾವು ಬದಲಾಯಿಸಲು ಬರೋದಿಲ್ಲ. ನಾವೇನು ಮಾಡಬಹುದು?

ಲೇಬಲ್ ಮುಟ್ಟದೆಯೂ ಬಹಳಷ್ಟು ಮಾಡಬಹುದು. ಮಾಲು ಬಂದ ದಿನ ಪ್ರತಿ ಸೈಜಿನ ಒಂದೊಂದು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಎದೆ, ಸೊಂಟ, ಉದ್ದ ಅಳೆದು ಒಂದು ಚೀಟಿಯಲ್ಲಿ ಬರೆದು ಹ್ಯಾಂಗರಿಗೆ ಕಟ್ಟಿರಿ. ಬ್ರ್ಯಾಂಡ್ ಪ್ರಕಾರ ನೇತುಹಾಕುವ ಬದಲು ಇಂಚಿನ ಪ್ರಕಾರ ನೇತುಹಾಕಿದರೆ, 40 ಇಂಚಿನ ಕಂಬಿಯ ಹತ್ತಿರ ಬಂದವಳಿಗೆ ಒಂದೇ ಕಡೆ ಎಂ, ಎಲ್, ಎಕ್ಸೆಲ್ ಮೂರೂ ಲೇಬಲ್‌ಗಳು ಕಾಣುತ್ತವೆ. ‘ನಿಮ್ಮ ಸೈಜ್ ನಮ್ಮಲ್ಲಿ ಇಲ್ಲ’ ಎಂದು ಹೇಳುವ ಕೆಲಸದ ಹುಡುಗಿಗೆ ‘ಈ ಡಿಸೈನಿನಲ್ಲಿ ಆ ಅಳತೆ ಬಂದಿಲ್ಲ’ ಎಂದು ಹೇಳಲು ಕಲಿಸಿರಿ. ಟ್ರಯಲ್ ರೂಮಿನಲ್ಲಿ ಒಂದು ಟೇಪ್ ತೂಗುಹಾಕಿರಿ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಗದ್ದಲದಲ್ಲಿ ತೊಟ್ಟು ನೋಡಲು ಪುರಸೊತ್ತಿರುವುದಿಲ್ಲ, ಲೇಬಲ್ ನೋಡಿಯೇ ಒಯ್ಯುತ್ತಾರೆ, ಬದಲಾಯಿಸಲು ಬರುವವರೂ ಆಗಲೇ ಹೆಚ್ಚು. ಆ ದಿನಗಳಲ್ಲಿ ಯಾವ ಬ್ರ್ಯಾಂಡಿನ ಯಾವ ಸೈಜ್ ಎಷ್ಟು ವಾಪಸ್ ಬಂತು, ಬಿಗಿಯಾಗಿಯೋ ಸಡಿಲವಾಗಿಯೋ ಎಂದು ಬಿಲ್ ಪುಸ್ತಕದ ಹಿಂದೆ ಗುರುತು ಹಾಕಿಟ್ಟರೆ, ಮುಂದಿನ ಮಾಲಿಗೆ ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿಯ ಹತ್ತಿರ ಹೋದಾಗ ಎಸ್, ಎಂ, ಎಲ್ ಬಿಟ್ಟು ಇಂಚಿನಲ್ಲಿ ಆರ್ಡರ್ ಕೊಡಲು ನಿಮ್ಮ ಕೈಯಲ್ಲಿ ಲೆಕ್ಕವಿರುತ್ತದೆ.